ಹಂದಿ ಬೇಯದ ಪಾತ್ರೆ

ಶುಕ್ರವಾರ ವಿರಾಜಪೇಟೆಯ ಮೂರು ಅಂಗಡಿ ಸುತ್ತಿ
ಮೊಟ್ಟೆ ಬೆರೆಸಿದ ಅಗಲ ಶಾವಿಗೆ ಸಿಗದೆ ಬಂದಳು ರಿವ್ಕಾ.
ನಮ್ಮ ನೂಪುಟ್ಟು ಆಗುತ್ತದಾ ನೋಡು, ಎಂದೆ.
ಎಳೆಯೊಂದನ್ನು ಬೆರಳಿಗೆ ಸುತ್ತಿ ಬೆಳಕಿಗೆ ಹಿಡಿದು
ಆಗಬಹುದು, ಎಂದಳು, ಅಜ್ಜಿ ಬೈಯದಿದ್ದರೆ.

ಆಮೇಲೆ ಮೆಲ್ಲಗೆ ಕೇಳಿದಳು,
ಈ ಪಾತ್ರೆಯಲ್ಲಿ ಹಂದಿ ಬೆಂದಿದೆಯಾ?
ನಗು ಬಂತು. ಬೇಯದ ಪಾತ್ರೆ ಈ ಮನೆಯಲ್ಲಿ ಯಾವುದು!
ಅಟ್ಟ ಹತ್ತಿ, ನನ್ನ ಮದುವೆಗೆ
ಬಿಟ್ಟಂಗಾಲದ ಚಿಕ್ಕಮ್ಮ ಕೊಟ್ಟ,
ಲೇಬಲ್ಲು ಕೀಳದ ಡಬರಿ ಇಳಿಸಿದೆ.

ಆರು ಮೊಟ್ಟೆ, ಗಟ್ಟಿ ಮೊಸರು, ದ್ರಾಕ್ಷಿ, ಚಕ್ಕೆ.
ಬೆಣ್ಣೆ ಮಾತ್ರ ಅವಳ ಕೈಯಳತೆ.
ಓವನ್ ಬಿಸಿಯೇರುವಾಗಲೇ ಕರೆಂಟು ಹೋಯಿತು.
ಅವಳು ಕಿಟಕಿಯ ಸೂರ್ಯನನ್ನೇ ನೋಡಿದಳು:
ಅವನು ಮುಳುಗಿದರೆ ಅವಳು ಬೆಂಕಿ ಮುಟ್ಟುವಂತಿಲ್ಲ.

ಒಲೆಯ ಕೆಂಡ ಕೆಳಗಿಷ್ಟು, ಮುಚ್ಚಳದ ಮೇಲಿಷ್ಟು.
ಕಾಫಿ ಗಿಡದ ಬೇರು, ಹಿಡಿದ ಬೆಂಕಿ ಬಿಡುವುದಿಲ್ಲ.
ಸರದಿಯಲ್ಲಿ ಊದಿದೆವು, ಕಣ್ಣಲ್ಲಿ ನೀರು.

ಅವಳು ಎರಡು ಮೇಣದ ಬತ್ತಿ ಹಚ್ಚಿದಳು,
ನಾನು ನೆಲ್ಲಕ್ಕಿಯ ದೀಪ.

ಮೇಲೆ ಹೊಂಬಣ್ಣ, ಅಡಿ ಕರಕಲು.
ಅಯ್ಯೋ, ಎಂದೆ.
ಅವಳಾಗಲೇ ಸೌಟಿನಿಂದ ತಳ ಕೆರೆಯುತ್ತಿದ್ದಳು:
ಇದನ್ನು ಯಾರಿಗೂ ಕೊಡಬೇಡ.