ರೆಡ್ ಆಕ್ಸೈಡ್

ಕುಂಬಳೆಯ ಉಪ್ಪುಗಾಳಿಗೆ ಗೇಟು ತುಕ್ಕು ಹಿಡಿಯದಂತೆ
ಎರಡು ಕೈ ರೆಡ್ ಆಕ್ಸೈಡ್ ಬಳಿಯುವವನು ನಾನು;
ತುಕ್ಕು ನಿಮ್ಮೊಳಗೇ ಎಂದರು ಡಾಕ್ಟರು,
ಸಕ್ಕರೆ ಏರಿದರೆ ಹೀಗೇ, ಬೀಜವನ್ನೂ ಬಿಡುವುದಿಲ್ಲ.

ರಿಪೋರ್ಟು ಇಂಗ್ಲಿಷಿನಲ್ಲಿತ್ತು,
ಲ್ಯಾಬಿನ ಹುಡುಗಿ ತಲೆಯೆತ್ತದೆ ಮಲಯಾಳದಲ್ಲಿ ಓದಿದಳು,
ಮನೆಯ ತುಳುವಿನಲ್ಲಿ ಅದಕ್ಕೆ ಮಾತೇ ಸಿಗಲಿಲ್ಲ.
ಜಲಜಾಕ್ಷಿಯ ಕೈಗೆ ಕಾಗದವನ್ನೇ ಕೊಟ್ಟೆ.
ಮಡಚಿ ಅಕ್ಕಿಡಬ್ಬದಡಿ ಇಟ್ಟಳು.
ಆರು ವರ್ಷದ ಹರಕೆ, ಕಷಾಯ, ನಾದಿನಿಯರ ಉಪದೇಶ
ಎಲ್ಲ ಅವಳೊಬ್ಬಳ ಮೇಲೇ ಆಗಿತ್ತು.
ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಐದೂವರೆಗೆ ಕೊಯಿಪ್ಪಾಡಿಯ ಹೊಯಿಗೆಯಲ್ಲಿ
ಬಿರುಬಿರನೆ ನಡೆಯುತ್ತೇನೆ,
ಮಾತಾಡಬಹುದು, ಹಾಡಲಾಗದು, ಅಷ್ಟು;
ಅಳತೆ ಡಾಕ್ಟರದು.
ದೋಣಿ ನೂಕುವವರು ಕೇಳುತ್ತಾರೆ:
ಯಾರು ಅಟ್ಟಿಸಿಕೊಂಡು ಬಂದದ್ದು ಮಾರಾಯ್ರೆ?
ಶುಗರು, ಎನ್ನುತ್ತೇನೆ. ಅರ್ಧ ಸತ್ಯ.

ಹೊಸ ಬೀಜ ಬಲಿಯಲು ಮೂರು ತಿಂಗಳಂತೆ.
ಉಜ್ಜುಕಾಗದ ಹಿಡಿದವನಿಗೆ ಗೊತ್ತು,
ತುಕ್ಕು ಒಮ್ಮೆಗೇ ಬಿಡುವುದಿಲ್ಲ,
ಕೆಲವೆಡೆ ಕಬ್ಬಿಣವನ್ನೇ ತಿಂದಿರುತ್ತದೆ.

ನಿನ್ನೆ ಹೊರಟಾಗ
ಮೆಟ್ಟಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ.
ಗೇಟಿನಾಚೆ ಟಾರ್ಚು ಹಿಡಿದು ನಿಂತಿದ್ದಳು:
ತಡವಾಯ್ತು ನಿಮಗೆ.