ಕಟ್ಟುವವರ ಕಟ್ಟಳೆ

ನನ್ನ ಕೆಲಸ ಇಷ್ಟೇ: ಒಂದು ಕೆಂಪು ಡಬ್ಬಿ,
ನಾಲ್ಕು ಬೆರಳಗಲದ ಬ್ರಷ್ಷು,
ಬೆನ್ನ ಮೇಲೆ ಕುಮಾಸಿ ನಗರಸಭೆಯ ಹೆಸರು.
ಹಸಿ ಗೋಡೆ ಕಂಡಲ್ಲಿ ಬರೆಯುತ್ತೇನೆ:
ಕೆಲಸ ನಿಲ್ಲಿಸಿ. ಪರ್ಮಿಟ್ ತೋರಿಸಿ.
ಕೆಳಗೆ ತಾರೀಕು. ಸಹಿ ನನ್ನದಲ್ಲ.

ಹದಿನೇಳು ವರ್ಷ.
ಒರಟು ಗಾರೆ ಬಣ್ಣವನ್ನು ಗಟಗಟ ಕುಡಿಯುತ್ತದೆ,
ಸುಣ್ಣದ ಮೇಲೆ ಅಕ್ಷರ ಕೆಳಗಿಳಿದು ಸೋರುತ್ತದೆ.
ಗಾಯದ ಹಾಗೆ ಅನ್ನುತ್ತಾರೆ ಜನ.
ನನಗೆ ಹಾಗನಿಸಿಲ್ಲ. ನನಗದು ಬಣ್ಣದ ಖರ್ಚು.

ಮೊನ್ನೆ, ಹರ್ಮಟಾನ್ ಧೂಳಿನ ವಾರ,
ವಿಶ್ವವಿದ್ಯಾಲಯದಿಂದ ಬೋಆಟೆಮಾ ಎಂಬ ಹುಡುಗಿ ಬಂದಳು,
ಕಟ್ಟುವವರಿಗೆ ಕಟ್ಟಳೆ ಎಷ್ಟು ಗೊತ್ತು ಎಂದು ಕೇಳಲು.
ಸಭಾಂಗಣದ ತುಂಬ ಇಸ್ತ್ರಿ ಅಂಗಿಗಳು.
ಪೆನ್ನು ಹಂಚಿದವನು ನಾನು,
ತಣ್ಣನೆಯ ನೀರಿನ ಪೊಟ್ಟಣ ಹಂಚಿದವನೂ.

ಮೊದಲ ಪುಟ ಸಲೀಸು.
ಪೂರ್ತಿ ಗೊತ್ತು, ಸುಮಾರಾಗಿ ಗೊತ್ತು, ಗೊತ್ತಿಲ್ಲ:
ಒಂದಕ್ಕೆ ಗುರುತು ಹಾಕಿ.
ಎಂಜಿನಿಯರ್ ಅಡೊಮಾಕೊ
ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಪೂರ್ತಿ ಬಲ್ಲವರಾಗಿದ್ದರು.
ಆರ್ಕಿಟೆಕ್ಟ್ ನ್ಸೋವಾ ತಮ್ಮ ಗುರುತಿಗೂ
ಚಾವಣಿಯ ಓರೆ ಕೊಟ್ಟು, ತಲೆ ವಾಲಿಸಿ ನೋಡಿಕೊಂಡರು.

ಎರಡನೆಯ ಪುಟ.
ಗಡಿಯಿಂದ ಗೋಡೆ ಎಷ್ಟು ದೂರ ನಿಲ್ಲಬೇಕು?
ಕಾಂಕ್ರೀಟು ಸುರಿಯುವ ಮುನ್ನ ಯಾರು ಬಂದು ನೋಡಬೇಕು?
ನಿಯಮದ ಪುಸ್ತಕ ನಿಮ್ಮ ಕಚೇರಿಯಲ್ಲಿ ಎಲ್ಲಿದೆ?
ಫ್ಯಾನಿನ ಸದ್ದು ಆಗ ಮೊದಲ ಬಾರಿಗೆ ಕೇಳಿಸಿತು.
ಒಂದು ಮೀಟರು, ಎಂದಿತು ಹಿಂದಿನ ಸಾಲು.
ಬಡಾವಣೆ ನೋಡಿಕೊಂಡು, ಎಂದಿತು ಮುಂದಿನದು.
ಒಬ್ಬರು ಮೇಜಿನ ಕೆಳಗೆ ಫೋನು ಹಿಡಿದು
ತಮ್ಮ ಕೈಕೆಳಗಿನ ಹುಡುಗನನ್ನು ಕೇಳುತ್ತಿದ್ದರು.
ಅವನೂ ಯಾರನ್ನೋ ಕೇಳುತ್ತಿದ್ದಿರಬೇಕು, ಉತ್ತರ ತಡವಾಯಿತು.

ಮೇಸ್ತ್ರಿ ಯಾಹಯಾ, ಅರವತ್ತು ದಾಟಿದವರು,
ಕನ್ನಡಕ ಒರೆಸಿ 'ಗೊತ್ತಿಲ್ಲ'ಕ್ಕೆ ಗುರುತು ಹಾಕಿದರು.
ಆಮೇಲೆ ಎದ್ದು ನಿಂತು,
'ಆ ಪುಸ್ತಕ ಎಲ್ಲಿ ಸಿಗುತ್ತದಮ್ಮಾ? ಬೆಲೆ ಎಷ್ಟು?'
ನಕ್ಕರು ಎಲ್ಲರೂ.
ಬೆಲೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ, ನನ್ನ ಪಾಲಿನ ಹಾಳೆ ಇರಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ,
ಅಬೋಆಬೊ ಹಳ್ಳದ ದಂಡೆಯಲ್ಲಿ ಅಡೊಮಾಕೊ ಕಟ್ಟಿಸಿದ ನಾಲ್ಕಂತಸ್ತು.
ನಾನು ಬರೆದೆ, ಅವರು ಸುಣ್ಣ ಬಳಿದರು.
ಮತ್ತೆ ಬರೆದೆ, ಮತ್ತೆ ಸುಣ್ಣ.
ಚಾಪೆಯ ಕೆಳಗೆ ತೂರಿದವನ ಎದುರು
ರಂಗೋಲಿಯ ಕೆಳಗೆ ತೂರುವವರು.
ಆ ಊರಲ್ಲೆಲ್ಲ ದಪ್ಪನೆಯ ಗೋಡೆ ಅದೇ ಇರಬೇಕು,
ಒಳಗೆ ಪದರ ಪದರವಾಗಿ ನನ್ನ ಕೈಬರಹ.
ಅವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು.
ಎಷ್ಟು ಗೊತ್ತಿತ್ತೆಂದರೆ, ನನ್ನ ಬಣ್ಣ ಒಣಗಲು
ಎಷ್ಟು ಹೊತ್ತು ಬೇಕೆಂಬುದೂ.
ಐದನೆಯ ಸಲ ಸಾಹೇಬರು ನನ್ನನ್ನು ಆ ಕಡೆ ಕಳಿಸಲಿಲ್ಲ.
ನಾನೂ ಯಾಕೆಂದು ಕೇಳಲಿಲ್ಲ.

ಮರುದಿನ ಏಳಕ್ಕೇ ಯಾಹಯಾ ನಮ್ಮ ಬೆಂಚಿನ ಮೇಲಿದ್ದರು,
ಎಲೆಯಲ್ಲಿ ಕಟ್ಟಿದ ಕೆಂಕೆ ಎರಡು ತಂದು.
ಕಪಾಟಿನ ಕೀಲಿ ರಜದ ಗುಮಾಸ್ತನ ಬಳಿ.
ಹಿಂಬದಿಯ ಹಲಗೆ ಸಡಿಲವಿದೆ ಎಂಬುದು
ನನಗೆ ತಿಳಿದಿದ್ದ ಒಂದೇ ಕಟ್ಟಡ ವಿದ್ಯೆ.
ದಾರ ಬಿಚ್ಚಿದೆವು. ಗೆದ್ದಲು ನಮಗಿಂತ ಮೊದಲು
ಮುನ್ನುಡಿ ಓದಿ ಮುಗಿಸಿತ್ತು.

'ನನ್ನ ಕಣ್ಣು ಸಾಲದು, ಜೋರಾಗಿ ಓದು,' ಎಂದರು.
ಓದಿದೆ. ಬೆರಳಿಟ್ಟು, ತಡವರಿಸಿ.
ಹದಿನೇಳು ವರ್ಷ ಬರೆದ ಎರಡು ವಾಕ್ಯ
ಎಲ್ಲಿಂದ ಹೊರಟವೆಂದು ಆಗ ಕಂಡೆ.
ಗಡಿಯ ಅಧ್ಯಾಯ ಬಂದಾಗ ಯಾಹಯಾ ತಡೆದರು,
'ಇರು, ಇದನ್ನು ಕಾಲಿಗೆ ಕಲಿಸಬೇಕು.'
ಹೊರಗೆ ಹೋಗಿ ನಮ್ಮ ಕಚೇರಿಯ ಗೋಡೆಗೆ ಹಿಮ್ಮಡಿ ಕೊಟ್ಟು
ಹೆಜ್ಜೆಗೆ ಹೆಜ್ಜೆ ಅಂಟಿಸಿ ಚರಂಡಿಯತ್ತ ನಡೆದರು,
ತುಟಿಯಲ್ಲೇ ಎಣಿಸುತ್ತ.

ಎಣಿಕೆ ಬೇಗ ಮುಗಿಯಿತು.
ಮತ್ತೆ ಗೋಡೆಗೆ ಬಂದು ಮತ್ತೆ ನಡೆದರು.
ಪುಸ್ತಕ ನೋಡಿದರು, ಗೋಡೆ ನೋಡಿದರು,
ಬಾಗಿಲ ಪಕ್ಕದ ನನ್ನ ಡಬ್ಬಿ ನೋಡಿದರು.
ಏನೂ ಅನ್ನಲಿಲ್ಲ. ಕೆಂಕೆಯ ಎಲೆ ಬಿಚ್ಚತೊಡಗಿದರು.

ಮುಚ್ಚಳವನ್ನು ಬಿಗಿ ಮಾಡಿದೆ.
ಸ್ವಲ್ಪ ಹೊತ್ತಿನ ಮೇಲೆ ಸಡಿಲಿಸಿದೆ.