ಇಪ್ಪತ್ತು ಎಣಿಸೂತನಕ

ಬೆಟಗೇರಿ ಸಂತಿ ದಾರಿಯೊಳಗ ನನ್ನ ಅಂಗಡಿ.
ಬೋರ್ಡು ಇಲ್ಲ. ಕೇಳಿಕೊಂಡ ಬರ್ತಾರ.
ಹಂದಿ ಕಾಯೋ ನಾಡಬಂದೂಕು,
ಗೌಡರ ಗ್ವಾಡಿ ಮ್ಯಾಲಿನ ಜಂಗ ಹಿಡದ ಜೋಡನಳಿಗಿ.
ಇಲೆಕ್ಷನ್ ಬಂತಂದ್ರ ಎಲ್ಲಾ ಸ್ಟೇಶನ್ನಿಗೆ ಜಮಾ,
ಎರಡ ತಿಂಗಳು ನನಗ ಬರೇ ಕೀಲಿ ರಿಪೇರಿ.

ಹೋದ ವೈಶಾಖದಾಗ ಧಾರಾವಾಹಿಯವರು ಬಂದ್ರು.
ಹದಿನೆಂಟನೂರಾ ಐವತ್ತೆಂಟರ ಕತಿ ಅಂದ್ರು,
ನರಗುಂದದ ಗುಡ್ಡದ ಕೆಳಗ ಶೂಟಿಂಗ್ ಅಂದ್ರು,
ವ್ಯಾನಿನ ಬಾಗಲಾ ತಗದು ನಲವತ್ತು ಬಂದೂಕು ತೋರಿಸಿದ್ರು.
ಫೈಬರಿನವು. ಬಾವ್ಯಾಗ ಒಗದ್ರ ತೇಲತಾವು.
ಅದು ಹೋಗಲಿ ಬಿಡ್ರಿ. ಬಗಲಾಗ ಬೋಲ್ಟು!

"ಸಾಹೇಬ್ರ, ಈ ನಮೂನಿ ಹುಟ್ಟಿದ್ದು
ಅದರ ಮುಂದ ಮೂವತ್ತು ವರ್ಷಕ್ಕ.
ಇನ್ನಾ ಹುಟ್ಟದ ಮೊಮ್ಮಗ ಬಂದು
ಅಜ್ಜಗ ಗುಂಡು ಹೊಡದಂಗಾತು."
ಆರ್ಟ್ ಡೈರೆಕ್ಟರ್ ನಕ್ಕ. ನಿಶ್ಚಿತ್ ಅಂತ, ಹುಡುಗ ಚೊಲೋ ಅವ.
"ಚಾಚಾ, ಜನ ಮುಖ ನೋಡ್ತಾರೆ,
ಬಂದೂಕ ಯಾರು ನೋಡ್ತಾರೆ?"

ನಾ ನೋಡ್ತೀನಲ್ಲೋ.

ಕಸಬರಿಗಿ ಹಿಡದು ಮಾಡಿ ತೋರಿಸಿದೆ.
ಕಾಗದದ ತೋಟಾ ಹಲ್ಲಿಲೆ ಹರಿ, ಉಗುಳು,
ಮದ್ದು ಸುರುವು, ಗುಂಡು ಇಡು,
ಗಜ ಜಗ್ಗು, ಜಡಿ, ತಿರಗಿ ಗಜ ಸೇರಸು,
ಕುದರಿ ಅರ್ಧಾ ಎತ್ತು, ಟೋಪಿ ಹಾಕು, ಪೂರಾ ಎತ್ತು,
ಆಮ್ಯಾಲೆ ಗುರಿ.
ಪಳಗಿದ ಕೈಗೆ ಇಪ್ಪತ್ತು ಎಣಿಕಿ.
ಹೊಡದ ಮ್ಯಾಲೆ ಹೊಗಿ, ಕೊಳತ ತತ್ತಿ ನಾತ,
ಎದರಿನ ಮನಶಾ ಕಾಣಂಗಿಲ್ಲ.

"ಹೊಗೆ ಬಂದ್ರೆ ನಾಯಕಿ ಮುಖ ಕಾಣಲ್ಲ ಚಾಚಾ.
ಇಪ್ಪತ್ತು ಸೆಕೆಂಡಲ್ಲಿ ಎರಡು ಜಾಹೀರಾತು ಹೋಗತ್ತೆ."
ಅದೂ ಖರೇನ. ಅವನ ಲೆಕ್ಕಾನೂ ತಪ್ಪಲ್ಲ.
ಹಿಡಿಕಿಗೆ ಹಳೇ ಕಟಗಿ ಬಣ್ಣಾ ಹಚ್ಚಿಸಿಕೊಂಡ,
ಐದನೂರು ಕೊಟ್ಟ, ಚಾ ಕುಡದು ಹೋದ.
ಹೋಗೂವಾಗ ನನ್ನ ಮೊಮ್ಮಗ ರೋಶನಜಮೀರನ ನೋಡಿ
"ಓಡ್ತೀಯೇನೋ?" ಅಂದ.
ಓಡೂದು, ಸಾಯೂದು. ದಿನಕ್ಕ ಆರನೂರು, ಊಟಾ ಅವರದ.

ನಿನ್ನೆ ರಾತ್ರಿ ಬಂತು.
ಓಣಿ ಮಂದಿ ಎಲ್ಲಾ ನಮ್ಮ ಪಡಸಾಲ್ಯಾಗ.
ಎರಿ ಹೊಲ. ಟ್ಯಾಂಕರ್ ನೀರು ಹೊಡದು ಹಸಿ ಮಾಡ್ಯಾರ,
ಮಣ್ಣು ಮಾತ್ರ ಪಕ್ಕಾ ಮಣ್ಣು.
ನಮ್ಮ ಹುಡುಗ ಧೋತರ ಎತ್ತಿ ಕಟ್ಟಿ ಓಡಾಕ ಹತ್ಯಾನ.

ನಮ್ಮ ಅಜ್ಜನ ಅಜ್ಜ ದಾವಲಸಾಬ ಹಿಂಗ ಓಡಿದ್ನಂತ,
ಆ ವರ್ಷದ ಮಿರಗದಾಗ,
ಮರಾ ಇಲ್ಲ ಮರಿ ಇಲ್ಲ, ಬಟ್ಟಾಬಯಲು,
ಕಾಲಿಗೆ ಸೇರು ಸೇರು ಮಣ್ಣು ಮೆತ್ತಿಕೊಂಡು.
ಮೊದಲನೇ ಗುಂಡು ರುಮಾಲಿನ ಸೆರಗ ಹರಕೊಂಡ ಹೋತು.
ಎರಡನೇದು ತುಂಬೂತನಕ
ಅವಂಗ ಬೆಣ್ಣಿಹಳ್ಳದ ದಂಡಿ ಸಿಕ್ಕಿತು.
ನಮ್ಮ ಮನಿತನ ಅಂದ್ರ ಇಷ್ಟ ನೋಡ್ರಿ,
ಯಾವನೋ ಒಬ್ಬ ಸಿಪಾಯಿ ಕಾಗದಾ ಉಗುಳಿ
ಗಜ ಜಗ್ಗೂ ಹೊತ್ತು.
ಆ ಸಂದಿಯೊಳಗಿಂದ ನಮ್ಮಜ್ಜ, ನಮ್ಮಪ್ಪ,
ನಾನು, ನನ್ನ ಮುರಕ ಸ್ಟೂಲು,
ಹೊರಗ ಕಟ್ಟಿದ ಆಡು.

ಟೀವ್ಯಾಗ ಢಂ ಅಂತು.
ನಾ ಎಣಸಾಕ ಹತ್ತಿದೆ. ಒಂದು, ಎರಡು
ಖಟಕ್, ಢಂ. ಖಟಕ್, ಢಂ.
ಮೂರು ಅನ್ನೂದರಾಗ ಹುಡುಗ ಬಕ್ಕಬಾರಲೆ ಬಿದ್ದ.
ಮಂದಿ ಚಪ್ಪಾಳಿ ಹೊಡದ್ರು, ಅವರವ್ವ ಸೀಟಿ ಹೊಡದ್ಲು.
ಸಾಬಾಣದ ಜಾಹೀರಾತು ಬಂತು.
ನಾ ಬಿಡಲಿಲ್ಲ. ಎಂಟು, ಒಂಬತ್ತು.
ಹದಿನಾರಕ್ಕ ಆ ಹುಡುಗಿ ಮಾರಿ ಒರಸಿಕೊಂಡ್ಲು.
ಇಪ್ಪತ್ತಕ್ಕ ಇನ್ನೊಂದು ಸುರು ಆತು, ಗೋಡೆ ಬಣ್ಣದ್ದು.

ರೋಶನಜಮೀರ ಚುರಮರಿ ಮುಕ್ಕತ ಕೇಳಿದ:
"ಅಜ್ಜಾ, ಚೊಲೋ ಸತ್ನೇನ?"

"ಭಾಳ ಲಗೂ ಸತ್ತಿ" ಅಂದೆ.